ಮೈಕ್ ಸೆಟ್‌ನಿಂದ ಹೋಂ ಥಿಯೇಟರ್‌ವರೆಗೆ: ಕೆಟ್ಟ ಆಂಪ್ಲಿಫೈಯರ್ ಹೇಳೋ ಇತಿಹಾಸ

ಇವತ್ತಿನ ಕಂತಿನ ವಿಷಯ ನಿಮ್ಮ ಟಿವಿ ಕೆಳಗೆ ಕೂತಿರೋ ಆ ಕಪ್ಪು ಡಬ್ಬಿ. ಹೋಂ ಥಿಯೇಟರ್ ಪವರ್ ಆಂಪ್ಲಿಫೈಯರ್. ಇದು ಕೆಟ್ಟಾಗ ಬರೋ ದೂರು ಹೆಚ್ಚು ಕಮ್ಮಿ ಮೂರೇ. ಒಂದು, ಹಾಡು ಹಚ್ಚದೇ ಇದ್ರೂ "ಗುಂಯ್" ಅಂತ ಸದ್ದು. ಎರಡು, ಒಂದು ಸ್ಪೀಕರ್ ಮಾತ್ರ ಬಂದ್. ಮೂರು, ಆನ್ ಮಾಡಿದ ಕೂಡಲೇ "ಪ್ರೊಟೆಕ್ಟ್" ದೀಪ ಹತ್ತಿ ಸೆಟ್ ಸುಮ್ಮನಾಗೋದು. ಅಂಗಡಿಗೆ ಒಯ್ದರೆ ಬಹಳ ಸಲ ಒಂದೇ ಉತ್ತರ: "ಬೋರ್ಡ್ ಹೋಗೇತ್ರಿ, ಹೊಸಾದ್ ತಗೊಳ್ರಿ."

ಆದ್ರೆ ಈ ಮೂರೂ ರೋಗಗಳಿಗೆ ಒಂದೊಂದು ಕಾಲ ಇದೆ. ಯಾವ ರೋಗ ಯಾವ ಕಾಲದ್ದು ಅಂತ ತಿಳಿದ್ರೆ ಎಲ್ಲಿ ಹುಡುಕಬೇಕು ಅನ್ನೋದೂ ತಿಳಿಯುತ್ತೆ. ಬರ್ರಿ, ಶುರುವಿನಿಂದ ನೋಡೋಣ.

ನಮ್ಮದು ಸಂಪಗಾಂವ ಸೀಮೆ. ಇವತ್ತು ಅದು ಬೈಲಹೊಂಗಲ ತಾಲ್ಲೂಕಿನ ಒಂದು ಊರು. ಬ್ರಿಟಿಷರ ಕಾಲದ ದಾಖಲೆಗಳಲ್ಲಿ ತಾಲ್ಲೂಕಿನ ಹೆಸರೇ ಸಂಪಗಾಂವ, ಕಿತ್ತೂರು ಅದರೊಳಗೇ ಇತ್ತು. ಪಕ್ಕದ ಸವದತ್ತಿ ಕಡೆಗೆ ಪರಸಗಡ ತಾಲ್ಲೂಕು ಅಂತಿದ್ರು. ರಾಮದುರ್ಗ ಬೇರೆಯೇ ಸಂಸ್ಥಾನ. ಈ ಸೀಮೆಯಲ್ಲಿ ಸಾವಿರಾರು ಜನ ಒಂದೇ ಕಡೆ ಸೇರೋದು ಎರಡಕ್ಕೆ: ಜಾತ್ರೆ ಮತ್ತು ನಾಟಕ. ಸವದತ್ತಿ ಯಲ್ಲಮ್ಮನ ಗುಡ್ಡದಲ್ಲಿ ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಸೇರೋ ಜನ ನಿಮಗೆ ಗೊತ್ತೇ ಇದೆ.

ನಾಟಕದ ಮಾತು ಬಂದ್ರೆ ಏಣಗಿ ಬಾಳಪ್ಪನವರನ್ನ ಬಿಡೋ ಹಾಗಿಲ್ಲ. 1914ರಲ್ಲಿ ಸವದತ್ತಿ ತಾಲ್ಲೂಕಿನ ಏಣಗಿಯಲ್ಲಿ ಹುಟ್ಟಿ, ನೂರು ವರ್ಷ ದಾಟಿ ಬದುಕಿ, 2017ರಲ್ಲಿ ತೀರಿಕೊಂಡ ರಂಗಕರ್ಮಿ. ಅವರು ಹುಡುಗನಾಗಿ ರಂಗಕ್ಕೆ ಬಂದ ಕಾಲದ ಕಂಪನಿ ನಾಟಕದಲ್ಲಿ ನಟನ ಗಂಟಲೇ ಆಂಪ್ಲಿಫೈಯರ್. ಹಿಂದಿನ ಸಾಲಿನಲ್ಲಿ ನೆಲದ ಮೇಲೆ ಕೂತವನಿಗೂ ಮಾತು, ಹಾಡು ಎರಡೂ ಕೇಳಬೇಕು. ದನಿ ಇಲ್ಲದವನಿಗೆ ಮುಖ್ಯ ಪಾತ್ರ ಸಿಗೋದೇ ಕಷ್ಟ. ಏರು ದನಿಯ ರಂಗಗೀತೆಗಳ ಹಿಂದೆ ಈ ಲೆಕ್ಕಾಚಾರವೂ ಇತ್ತು.

ಆಮೇಲೆ ಮೈಕ್ ಸೆಟ್ ಬಂತು. ದಿಲ್ಲಿಯಲ್ಲಿ ಅಹುಜಾ ರೇಡಿಯೋಸ್ ಶುರುವಾಗಿದ್ದು 1940ರಲ್ಲಿ. ಮುಂದೆ ಮೈಕ್ ಸೆಟ್ ಅಂದ್ರೆ ಅಹುಜಾ ಅನ್ನೋ ಹಾಗಾಯ್ತು. 1950ರ ಜನವರಿ 8ಕ್ಕೆ ಧಾರವಾಡ ಆಕಾಶವಾಣಿ ಶುರುವಾಯ್ತು. ರೇಡಿಯೋ ಬಂದ ಮೇಲೆ ರೇಡಿಯೋ ರಿಪೇರಿಯವರು ಬರಲೇಬೇಕಲ್ರಿ. ಕರೆಂಟ್ ಇಲ್ಲದ ಹಳ್ಳಿಯಲ್ಲಿ 12 ವೋಲ್ಟ್ ಬ್ಯಾಟರಿ ಮೇಲೆ ಮೈಕ್ ಓಡಿಸೋರು, ಮರಕ್ಕೆ ಹಾರ್ನ್ ಕಟ್ಟೋರು.

ಹಳೇ ಆಂಪ್ಲಿಫೈಯರ್‌ನ ಒಳಗೆ ಇದ್ದದ್ದು ವಾಲ್ವ್. ಗಾಜಿನ ಬುರುಡೆ, ಒಳಗೆ ಕೆಂಪಗೆ ಕಾಯೋ ತಂತಿ. ಇದು ಕೆಟ್ಟರೆ ಬಹಳ ಸಲ ಕಣ್ಣಿಗೇ ಕಾಣುತ್ತೆ: ಒಂದು ಬುರುಡೆ ಹತ್ತಿಲ್ಲ. ಕಿತ್ತು ಇನ್ನೊಂದು ಸಿಕ್ಕಿಸಿದ್ರೆ ಆಯ್ತು. ವಾಲ್ವ್‌ಗೆ ನೂರಾರು ವೋಲ್ಟ್ ಬೇಕು, ಆದ್ರೆ ಆ ವೋಲ್ಟ್ ಸ್ಪೀಕರ್‌ಗೆ ಹೋಗ್ತಿರಲಿಲ್ಲ. ನಡುವೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಇತ್ತು. ಟ್ರಾನ್ಸ್‌ಫಾರ್ಮರ್ ಏರಿಳಿಯೋ ಕರೆಂಟನ್ನ ಮಾತ್ರ ದಾಟಿಸುತ್ತೆ, ಒಂದೇ ಸಮ ಹರಿಯೋ ಡಿಸಿಯನ್ನ ಅಲ್ಲೇ ತಡೆಯುತ್ತೆ. ಹಾಗಾಗಿ ವಾಲ್ವ್ ಹೋದ್ರೆ ಸದ್ದು ನಿಲ್ಲೋದು, ಸ್ಪೀಕರ್ ಉಳಿಯೋದು.

1947ರ ಡಿಸೆಂಬರ್‌ನಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಟ್ರಾನ್ಸಿಸ್ಟರ್ ಹುಟ್ಟಿತು. ನಮ್ಮ ಬೆಂಗಳೂರಿನ ಬಿಇಎಲ್ ಶುರುವಾಗಿದ್ದು 1954ರಲ್ಲಿ. 1961ರಲ್ಲಿ ಅಲ್ಲಿ ರೇಡಿಯೋ ವಾಲ್ವ್ ತಯಾರಿಕೆ, ಮರುವರ್ಷವೇ ಜರ್ಮೇನಿಯಂ ಟ್ರಾನ್ಸಿಸ್ಟರ್ ತಯಾರಿಕೆ. ಅಂದ್ರೆ ಹಳೇದು ಹೊಸದು ಎರಡೂ ನಮ್ಮಲ್ಲಿ ಬೆನ್ನಿಗೆ ಬೆನ್ನು ಹಚ್ಚಿ ಬಂದ್ವು. ಅದೇ ದಶಕದಲ್ಲಿ ಅಮೆರಿಕದ ಆರ್‌ಸಿಎ ಕಂಪನಿಯ 2ಎನ್3055 ಅನ್ನೋ ಸಿಲಿಕಾನ್ ಪವರ್ ಟ್ರಾನ್ಸಿಸ್ಟರ್ ಬಂತು. ಎರಡು ತೂತಿನ, ವಜ್ರದಾಕಾರದ ಲೋಹದ ಡಬ್ಬಿ. ಹಳೇ ರಿಪೇರಿಯವರ ಮುಂದೆ "ಮೂವತ್ತು ಐವತ್ತೈದು" ಅಂದ್ರೆ ಸಾಕು, ಮುಖ ಅರಳುತ್ತೆ.

ಇಲ್ಲೇ ಕಥೆ ತಿರುಗೋದು. ಟ್ರಾನ್ಸಿಸ್ಟರ್ ಬಂದ ಮೇಲೆ ಭಾರದ, ದುಬಾರಿ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ತೆಗೆದುಬಿಟ್ರು. ಮೊದಮೊದಲು ಅದರ ಜಾಗದಲ್ಲಿ ದೊಡ್ಡ ಕೆಪ್ಯಾಸಿಟರ್ ಒಂದು ಇರ್ತಿತ್ತು. ಆಮೇಲೆ ಪ್ಲಸ್, ಮೈನಸ್ ಎರಡು ಸಪ್ಲೈ ಕೊಟ್ಟು, ಬಹಳಷ್ಟು ದೊಡ್ಡ ಆಂಪ್ಲಿಫೈಯರ್‌ಗಳಲ್ಲಿ ಅದನ್ನೂ ತೆಗೆದ್ರು. ಸದ್ದು ಸುಧಾರಿಸಿತು, ಖರ್ಚು ಇಳೀತು. ಆದ್ರೆ ಟ್ರಾನ್ಸಿಸ್ಟರ್‌ಗೂ ಸ್ಪೀಕರ್‌ಗೂ ನಡುವೆ ಇದ್ದ ಕಾವಲುಗಾರನೂ ಹೋದ.

ಲೆಕ್ಕ ಹಾಕ್ರಿ. ಸಪ್ಲೈ ಪ್ಲಸ್ 35, ಮೈನಸ್ 35 ವೋಲ್ಟ್ ಇದೆ. ಒಂದು ಔಟ್‌ಪುಟ್ ಟ್ರಾನ್ಸಿಸ್ಟರ್ ಶಾರ್ಟ್ ಆಯ್ತು. 35 ವೋಲ್ಟ್ ನೇರ ಸ್ಪೀಕರ್‌ಗೆ. 8 ಓಮ್ ಸ್ಪೀಕರ್‌ನ ಸುರುಳಿಯನ್ನ ಮೀಟರ್‌ನಲ್ಲಿ ಅಳೆದ್ರೆ ಸುಮಾರು 6 ಓಮ್ ಇರುತ್ತೆ. 35ರ ವರ್ಗ 1225, ಭಾಗಿಸು 6: ಸುಮಾರು 204 ವ್ಯಾಟ್. ಅದೂ ಹಾಡಲ್ಲ, ಬರೀ ಕಾವು. ಮನೆ ಸ್ಪೀಕರ್‌ನ ಸುರುಳಿ ಸೀದು ಹೋಗೋಕೆ ಬಹಳ ಹೊತ್ತು ಬೇಕಿಲ್ಲ, ಬೆಂಕಿ ಹತ್ತಿದ್ರೂ ಆಶ್ಚರ್ಯ ಇಲ್ಲ.

ಅದಕ್ಕೇ ಹೊಸ ಕಾವಲುಗಾರ ಬಂದ: ರಿಲೇ. ಆನ್ ಮಾಡಿ ಎರಡು ಮೂರು ಸೆಕೆಂಡ್ ಆದ ಮೇಲೆ "ಟಕ್" ಅಂತೀತಲ್ಲ, ಅದೇ. ಡಿಸಿ ಕಂಡ್ರೆ ಸ್ಪೀಕರ್ ತಂತಿ ಕತ್ತರಿಸಿ ಪ್ರೊಟೆಕ್ಟ್ ದೀಪ ಹಚ್ಚುತ್ತೆ. ಅಂದ್ರೆ ಪ್ರೊಟೆಕ್ಟ್ ದೀಪ ರೋಗ ಅಲ್ಲ, ರೋಗ ಹಿಡಿದು ತೋರಿಸೋ ಕೈ. "ರಿಲೇ ಬೈಪಾಸ್ ಮಾಡಿದ್ರೆ ಸದ್ದು ಬರ್ತೈತಿ" ಅಂತ ಯಾರಾದ್ರೂ ಅಂದ್ರೆ ಡಬ್ಬಿ ಎತ್ತಿಕೊಂಡು ವಾಪಸ್ ಬರ್ರಿ. ಫ್ಯೂಸ್ ಜಾಗದಲ್ಲಿ ತಾಮ್ರದ ಎಳೆ ಹಾಕೋದೂ ಇದೇ ಜಾತಿಯ ಕೆಲಸ.

ಇನ್ನು "ಗುಂಯ್" ಸದ್ದು. ನಮ್ಮ ಮನೆ ಕರೆಂಟ್ ಸೆಕೆಂಡಿಗೆ 50 ಸಲ ಏರಿಳಿಯುತ್ತೆ. ಡಯೋಡ್‌ಗಳು ಅದನ್ನ ಡಿಸಿ ಮಾಡೋವಾಗ ಅದು 100 ಸಲದ ಅಲೆ ಆಗುತ್ತೆ. ಆ ಅಲೆಯನ್ನ ಸಮ ಮಾಡೋದು ದೊಡ್ಡ ಫಿಲ್ಟರ್ ಕೆಪ್ಯಾಸಿಟರ್. ವರ್ಷಗಟ್ಟಲೆ ಕಾವಿನಲ್ಲಿ ಕೂತು ಅದರೊಳಗಿನ ದ್ರವ ಒಣಗುತ್ತೆ, ತಲೆ ಉಬ್ಬುತ್ತೆ. ಆಗ ಅಲೆ ನೇರ ಸ್ಪೀಕರ್‌ಗೆ ಬರುತ್ತೆ. ಈ ರೋಗ ವಾಲ್ವ್ ಕಾಲದಿಂದಲೂ ಇದೆ.

ಆದ್ರೆ ಎಲ್ಲ ಗುಂಯ್ ಕೆಪ್ಯಾಸಿಟರ್‌ದೇ ಅಲ್ಲ. 1990ರ ದಶಕದಲ್ಲಿ ಮನೆಮನೆಗೆ ಕೇಬಲ್ ಟಿವಿ ಬಂದ ಮೇಲೆ ಇನ್ನೊಂದು ದಾರಿ ತೆರೀತು. ಕೇಬಲ್‌ನ ಹೊರಕವಚಕ್ಕೆ ಒಂದು ಕಡೆ ಅರ್ಥಿಂಗ್, ನಿಮ್ಮ ಮನೆಗೆ ಇನ್ನೊಂದು ಕಡೆ. ಎರಡರ ನಡುವೆ ಸಣ್ಣ ಕರೆಂಟ್ ಸುತ್ತು ಹೊಡೆದು ಆಂಪ್ಲಿಫೈಯರ್‌ಗೆ ಸೇರುತ್ತೆ. ಪರೀಕ್ಷೆ ಸುಲಭ, ರೊಕ್ಕ ಬೇಕಿಲ್ಲ: ಸ್ವಿಚ್ ಆಫ್ ಮಾಡಿ ಹಿಂದಿನ ಎಲ್ಲ ಇನ್‌ಪುಟ್ ವೈರ್ ತೆಗೀರಿ, ಮತ್ತೆ ಆನ್ ಮಾಡ್ರಿ. ಗುಂಯ್ ಹೋಯ್ತಾ? ರೋಗ ಡಬ್ಬಿಯೊಳಗಿಲ್ಲ. ಒಂದೊಂದೇ ವೈರ್ ಹಚ್ಚಿ ಯಾವುದರಿಂದ ಬರುತ್ತೆ ನೋಡ್ರಿ. ಹೋಗಲಿಲ್ವಾ? ಆಗ ಕೆಪ್ಯಾಸಿಟರ್ ಮೇಲೆ ಅನುಮಾನ ಪಡ್ರಿ.

ಮುಂದಿನದು ಐಸಿ ಕಾಲ. ಇಟಲಿಯ ಎಸ್‌ಜಿಎಸ್ ಕಂಪನಿಯ ಟಿಡಿಎ2030, ಜಪಾನಿನ ಸ್ಯಾನ್ಯೋದ ಎಲ್‌ಎ4440, ಎಸ್‌ಟಿಕೆ ಸರಣಿ. ಒಂದು ಐಸಿ, ಒಂದು ಟ್ರಾನ್ಸ್‌ಫಾರ್ಮರ್, ನಾಲ್ಕು ಕೆಪ್ಯಾಸಿಟರ್ ಇದ್ರೆ ಆಂಪ್ಲಿಫೈಯರ್ ರೆಡಿ. ಕ್ಯಾಸೆಟ್ ಯುಗದಲ್ಲಿ "ಅಸೆಂಬಲ್ಡ್" ಸೆಟ್ ಮಾಡಿಕೊಡೋ ಅಂಗಡಿಗಳು ಸಣ್ಣ ಪೇಟೆಗಳಿಗೂ ಬಂದದ್ದು ಈ ಐಸಿಗಳಿಂದ. 2011ರಲ್ಲಿ ಸ್ಯಾನ್ಯೋದ ಸೆಮಿಕಂಡಕ್ಟರ್ ವ್ಯವಹಾರ ಅಮೆರಿಕದ ಆನ್ ಸೆಮಿಕಂಡಕ್ಟರ್ ಪಾಲಾಯ್ತು. ಇವತ್ತು ಹೊಸ ಅಸಲಿ ಎಸ್‌ಟಿಕೆ ಸಿಗೋದು ಅಪರೂಪ, ಮಾರುಕಟ್ಟೆಯಲ್ಲಿ ನಕಲಿ ಬಹಳ. "ಐಸಿ ಬದಲಿಸಿದೆ, ಎಂಟು ದಿನಕ್ಕೆ ಮತ್ತೆ ಹೋಯ್ತು" ಅಂದ್ರೆ ರಿಪೇರಿಯವರನ್ನ ಬಯ್ಯೋ ಮೊದಲು ಮಾಲಿನ ಮೇಲೂ ಅನುಮಾನ ಇರಲಿ.

ಕೊನೆಗೆ 5.1. ಸಿನಿಮಾ ಮಂದಿರಕ್ಕೆ ಡಾಲ್ಬಿ ಡಿಜಿಟಲ್ ಬಂದದ್ದು 1992ರಲ್ಲಿ, ಡಿವಿಡಿ 1996ರಲ್ಲಿ. ಐದು ಸ್ಪೀಕರ್, ಒಂದು ಸಬ್‌ವೂಫರ್. ಅಂದ್ರೆ ನಿಮ್ಮ ಡಬ್ಬಿಯಲ್ಲಿ ಇರೋದು ಒಂದಲ್ಲ, ಆರು ಆಂಪ್ಲಿಫೈಯರ್. ಇದು ರಿಪೇರಿಗೆ ವರ. ಒಂದು ಚಾನೆಲ್ ಸತ್ತಿದ್ರೆ ಪಕ್ಕದಲ್ಲೇ ಅಂಥದ್ದೇ ಜೀವಂತ ಚಾನೆಲ್ ಇದೆ. ಮೊದಲು ಸ್ಪೀಕರ್ ಅದಲುಬದಲು ಮಾಡ್ರಿ, ಆಮೇಲೆ ಇನ್‌ಪುಟ್ ವೈರ್. ರೋಗ ಸ್ಪೀಕರ್ ಜೊತೆ ಹೋದ್ರೆ ಸ್ಪೀಕರ್‌ದು, ವೈರ್ ಜೊತೆ ಹೋದ್ರೆ ವೈರ್‌ದು, ಎಲ್ಲೂ ಹೋಗದೆ ಅಲ್ಲೇ ಉಳಿದ್ರೆ ಆಂಪ್ಲಿಫೈಯರ್‌ದು. ರಿಪೇರಿಯವರೂ ಬೋರ್ಡಿನ ಮೇಲೆ ಎರಡೂ ಚಾನೆಲ್‌ನ ವೋಲ್ಟ್ ಹೋಲಿಸಿ ನೋಡಬಹುದು.

ಡಬ್ಬಿ ಬಿಚ್ಚೋ ಕೆಲಸ ಬಲ್ಲವರಿಗೇ ಬಿಡ್ರಿ. ಪ್ಲಗ್ ತೆಗೆದ ಮೇಲೂ ಕೆಪ್ಯಾಸಿಟರ್‌ನಲ್ಲಿ ಕರೆಂಟ್ ಉಳಿದಿರುತ್ತೆ. ಎಸ್‌ಎಂಪಿಎಸ್ ಇರೋ ಸೆಟ್‌ಗಳಲ್ಲಿ ಅದು 325 ವೋಲ್ಟ್‌ವರೆಗೂ ಇರಬಹುದು, ಜೀವ ತೆಗೆಯೋಕೆ ಸಾಕು. ಆದ್ರೆ ರಿಪೇರಿಯವರು ಬಲ್ಲವರೋ ಅಲ್ವೋ ಅಂತ ನೀವು ಗುರುತಿಸಬಹುದು. ಟ್ರಾನ್ಸ್‌ಫಾರ್ಮರ್ ಇರೋ ಸೆಟ್ ರಿಪೇರಿ ಆದ ಮೇಲೆ ಅನುಭವಿಗಳು ನೇರ ಪ್ಲಗ್‌ಗೆ ಹಚ್ಚೋದಿಲ್ಲ. ನಡುವೆ 100 ವ್ಯಾಟ್‌ನ ಹಳೇ ತಂತಿ ಬಲ್ಬ್ ಹಾಕ್ತಾರೆ. ಅದೇ ಸೀರೀಸ್ ಬೋರ್ಡ್. ಎಲ್‌ಇಡಿ ಬಲ್ಬ್ ನಡೆಯಲ್ಲ. ಬಲ್ಬ್ ಒಮ್ಮೆ ಮಿಂಚಿ ಮಂದ ಆದ್ರೆ ಕ್ಷೇಮ, ಪ್ರಕಾಶವಾಗಿಯೇ ಉಳಿದ್ರೆ ಒಳಗೆ ಇನ್ನೂ ಶಾರ್ಟ್ ಇದೆ. ಸ್ಪೀಕರ್ ಹಚ್ಚೋ ಮೊದಲು ಔಟ್‌ಪುಟ್‌ನಲ್ಲಿ ಡಿಸಿ ಅಳೀತಾರೆ. ಇಷ್ಟು ಮಾಡೋರು ಸಿಕ್ಕರೆ ಅವರ ನಂಬರ್ ಜೋಪಾನ.

ನಾನು ಕಾಮರ್ಸ್ ಓದಿದವನು, ಒಂದು ಜಮಾಖರ್ಚಿನ ಮಾತು. "1000 ವ್ಯಾಟ್ ಪಿಎಂಪಿಒ" ಅಂತ ಮುಂದೆ ಬರೆದಿರ್ತಾರೆ. ಡಬ್ಬಿ ತಿರುಗಿಸಿ ಹಿಂದಿನ ಚೀಟಿ ಓದ್ರಿ: 60 ವ್ಯಾಟ್ ಅಂತ ಇದ್ರೆ, ಕರೆಂಟ್ ತಗೊಳ್ಳೋದೇ ಅಷ್ಟು. ಜಮಾ 60 ಇರೋವಾಗ ಖರ್ಚು 1000 ಹೇಗಾಗುತ್ತೆ? ಈ ಸುಳ್ಳು ನಂಬಿ ಮದುವೆ ಚಪ್ಪರಕ್ಕೆ ಮನೆ ಸೆಟ್ ಹಚ್ಚಿ, ವಾಲ್ಯೂಮ್ ಪೂರ್ತಿ ತಿರುಗಿಸಿ ಸುಟ್ಟ ಐಸಿಗಳಿಗೆ ಲೆಕ್ಕ ಇಲ್ಲ.

ಇನ್ನೊಂದು, ಸವಕಳಿ. ಪುಸ್ತಕದ ಲೆಕ್ಕದಲ್ಲಿ ಹತ್ತು ವರ್ಷದ ಆಂಪ್ಲಿಫೈಯರ್ ಬೆಲೆ ಸೊನ್ನೆಗೆ ಹತ್ತಿರ. ಆದ್ರೆ ಒಳಗಿನ ಟ್ರಾನ್ಸ್‌ಫಾರ್ಮರ್‌ನ ತಾಮ್ರ, ಹೀಟ್‌ಸಿಂಕ್‌ನ ಅಲ್ಯುಮಿನಿಯಂ ಹಾಗೇ ಇರುತ್ತೆ. ಸತ್ತಿರೋದು ಬಹಳ ಸಲ ಒಂದೆರಡು ಸಣ್ಣ ಭಾಗ. 2022ರ ಡಿಸೆಂಬರ್‌ನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ "ರೈಟ್ ಟು ರಿಪೇರ್" ಪೋರ್ಟಲ್ ತೆರೀತು. ರಿಪೇರಿ ಮಾಡಿಸಿಕೊಳ್ಳೋದು ಗ್ರಾಹಕನ ಹಕ್ಕು ಅನ್ನೋ ಮಾತು ಸರ್ಕಾರದ ಬಾಯಲ್ಲೂ ಬಂದಿದೆ. ಆದ್ರೆ ರಿಪೇರಿ ಬಲ್ಲ ಕೈಗಳೇ ಇಲ್ಲದಿದ್ರೆ ಹಕ್ಕು ತಗೊಂಡು ಏನ್ ಮಾಡೋದು? ವಾಲ್ವ್ ಕಿತ್ತು ಸಿಕ್ಕಿಸಿದವರ ವಿದ್ಯೆ ಟ್ರಾನ್ಸಿಸ್ಟರ್‌ನವರಿಗೆ, ಅವರದ್ದು ಐಸಿಯವರಿಗೆ ಬಂತು. ಅವರು ಅಂಗಡಿ ಮುಚ್ಚಿ ಮೊಬೈಲ್ ರೀಚಾರ್ಜ್‌ಗೆ ಕೂತರೆ ಈ ಸರಪಳಿ ನಮ್ಮ ಕಣ್ಣೆದುರೇ ತುಂಡಾಗುತ್ತೆ.

ಹಾಗಾಗಿ ಇವತ್ತಿನ ವಿನಂತಿ ಇಷ್ಟೇ. ಮುಂದಿನ ಸಲ ಸೆಟ್ ಕೆಟ್ಟಾಗ ಮೊದಲು ವೈರ್ ತೆಗೆದು, ಸ್ಪೀಕರ್ ಬದಲಿಸಿ ನೋಡ್ರಿ. ಆಮೇಲೆ ಬಲ್ಲವರ ಹತ್ರ ಒಯ್ದು, "ಬೋರ್ಡ್ ಹೋಗೇತಿ" ಅಂದ್ರೆ "ಯಾವ ಭಾಗ ಹೋಗೇತ್ರಿ?" ಅಂತ ಒಂದು ಪ್ರಶ್ನೆ ಕೇಳ್ರಿ. ನಿಮ್ಮೂರ ಜಾತ್ರೆಯ ಹಳೇ ಮೈಕ್ ಸೆಟ್‌ನ ಫೋಟೋ, ಕಥೆ ಇದ್ರೆ ನಮಗೂ ಕಳಿಸ್ರಿ. ಮುಂದಿನ ಕಂತಿನಲ್ಲಿ ಸಿಗೋಣ, ಬರ್ತೀನ್ರಿ.