ಗಿರಣಗಾಂವ್

ಮಧ್ಯ ಮುಂಬಯಿಯ ಪರೇಲ್, ಲಾಲ್‌ಬಾಗ್, ವರ್ಳಿ, ಬೈಕಲಾ, ದಾದರ್ ಸುತ್ತಮುತ್ತ ಬಟ್ಟೆ ಗಿರಣಿಗಳನ್ನು ನೆಚ್ಚಿ ಬೆಳೆದ ಕಾರ್ಮಿಕರ ನೆಲೆ. ಮರಾಠಿಯ ಈ ಹೆಸರಿಗೆ ‘ಗಿರಣಿಗಳ ಊರು’ ಎಂದರ್ಥ. ನೂರಿಪ್ಪತ್ತೈದು ವರ್ಷ ಬಾಳಿದ ಒಂದು ಸಮಾಜ ಹೇಗೆ ಕುಸಿಯಿತು, ಕುಸಿದ ಮೇಲೂ ಏನು ಉಳಿಯಿತು ಎಂಬುದನ್ನು ಇಲ್ಲಿ ಹತ್ತಿರದಿಂದ ಕಾಣಬಹುದು.

ಬೆಳವಣಿಗೆ: ಕಾವಸ್‌ಜಿ ನಾನಾಭಾಯ್ ದಾವರ್ 1854ರಲ್ಲಿ ಸ್ಥಾಪಿಸಿದ ಕಂಪನಿಯ ಗಿರಣಿ 1856ರಲ್ಲಿ ತಾಡ್‌ದೇವ್‌ನಲ್ಲಿ ಕೆಲಸ ಆರಂಭಿಸಿತು. ಕೊಂಕಣ, ಸಾತಾರಾ, ಕೊಲ್ಹಾಪುರಗಳಿಂದ ಬಂದವರು ಚಾಳುಗಳಲ್ಲಿ ನೆಲೆಸಿ, ಒಂದೇ ಕೋಣೆಯಲ್ಲಿ ಪಾಳಿಗೆ ತಕ್ಕಂತೆ ಮಲಗಿ ಎದ್ದರು. ಅವರ ಊಟ ಹೆಂಗಸರು ಮನೆಯಲ್ಲೇ ನಡೆಸುತ್ತಿದ್ದ ಖಾನಾವಳಿಗಳಲ್ಲಿ. ಊರಿನ ಹೊಲಮನೆಯ ನಂಟನ್ನು ಹೆಚ್ಚಿನವರು ಬಿಡಲಿಲ್ಲ.

ಕುಸಿತ: 1982ರ ಜನವರಿ 18ರಂದು ಕಾರ್ಮಿಕ ನಾಯಕ ದತ್ತಾ ಸಾಮಂತರ ನೇತೃತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಮುಷ್ಕರ ಹೂಡಿದರು. ಅದನ್ನು ವಿಧ್ಯುಕ್ತವಾಗಿ ಹಿಂತೆಗೆದುಕೊಳ್ಳಲೇ ಇಲ್ಲ. ಸಾವಿರಾರು ಜನ ಮತ್ತೆ ಗಿರಣಿಯ ಬಾಗಿಲು ತುಳಿಯಲಿಲ್ಲ. ಆದರೆ ಪೆಟ್ಟು ಮುಷ್ಕರವೊಂದರದೇ ಅಲ್ಲ. ಗಿರಣಿಗಳ ಯಂತ್ರಗಳು ಹಳತಾಗಿದ್ದವು. ಭಿವಂಡಿಯ ವಿದ್ಯುತ್ ಮಗ್ಗಗಳು ಕಡಿಮೆ ಕೂಲಿಯಲ್ಲಿ ಬಟ್ಟೆ ನೇಯುತ್ತಿದ್ದವು. 1946ರ ಕೈಗಾರಿಕಾ ಸಂಬಂಧಗಳ ಕಾಯಿದೆ ಮಾಲೀಕರೊಡನೆ ಮಾತುಕತೆಯ ಹಕ್ಕನ್ನು ಒಂದೇ ಸಂಘಕ್ಕೆ ಕೊಟ್ಟಿದ್ದರಿಂದ ಕಾರ್ಮಿಕರ ಅಸಮಾಧಾನಕ್ಕೆ ಬೇರೆ ದಾರಿ ಇರಲಿಲ್ಲ. ಕೊನೆಗೆ ಬಟ್ಟೆಗಿಂತ ನೆಲವೇ ದುಬಾರಿಯಾಯಿತು. ಗಿರಣಿ ಜಮೀನನ್ನು ಮಾಲೀಕರು, ನಗರಪಾಲಿಕೆ, ವಸತಿ ಪ್ರಾಧಿಕಾರ ಹಂಚಿಕೊಳ್ಳಬೇಕೆಂದು 1991ರ ನಿಯಮ ಹೇಳಿತ್ತು. 2001ರ ತಿದ್ದುಪಡಿ ಈ ಪಾಲನ್ನು ಕಟ್ಟಡವಿಲ್ಲದ ಖಾಲಿ ಜಾಗಕ್ಕಷ್ಟೇ ಸೀಮಿತಗೊಳಿಸಿತು. 2006ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಚಿಮಣಿಗಳಿದ್ದಲ್ಲಿ ಮಾಲ್‌ಗಳು, ಗೋಪುರಗಳು ಎದ್ದವು.

ಉಳಿದದ್ದು: ನಗರ ಕುಸಿದಾಗ ಹಳ್ಳಿ ಕೈಹಿಡಿಯುವುದು ಹೊಸತಲ್ಲ. ಸುಮಾರು ಕ್ರಿ.ಪೂ. 1900ರ ಹೊತ್ತಿಗೆ ಹರಪ್ಪದ ನಗರಗಳು ಕಳೆಗುಂದಿದಾಗಲೂ ಜನ ಸಣ್ಣ ಹಳ್ಳಿಗಳಲ್ಲಿ ಬೇಸಾಯ ಮುಂದುವರಿಸಿದರು. ಗಿರಣಗಾಂವ್‌ನಲ್ಲೂ ಮುಷ್ಕರದ ಕಾಲದಲ್ಲಿ ಅನೇಕರನ್ನು ಊರಿನ ತುಂಡು ಹೊಲವೇ ಕಾಯ್ದಿತು. ಖಾನಾವಳಿ ಹೆಂಗಸರನ್ನು ಪ್ರೇಮಾ ಪುರವ್ 1975ರಲ್ಲಿ ಅನ್ನಪೂರ್ಣಾ ಮಹಿಳಾ ಮಂಡಳದಲ್ಲಿ ಒಗ್ಗೂಡಿಸಿ, ಲೇವಾದೇವಿಗಾರರ ಹಿಡಿತದಿಂದ ಬಿಡಿಸಿ ಬ್ಯಾಂಕ್ ಸಾಲ ಕೊಡಿಸಿದ್ದರು. ಗಿರಣಿಗಳು ಮುಚ್ಚಿದ ಮೇಲೂ ಆ ಸಂಸ್ಥೆ ಬಾಳಿತು. ಒಂದೇ ಕಸುಬನ್ನು ನೆಚ್ಚಿದ ಸಮಾಜ ಆ ಕಸುಬಿನೊಡನೆ ಮುರಿಯುತ್ತದೆ. ಕಸುಬಿನಾಚೆಗೂ ಕೈಹಿಡಿಯುವ ನಂಟುಗಳಿದ್ದಷ್ಟೂ ಅದು ತಾಳಿಕೊಳ್ಳುತ್ತದೆ. ಗಿರಣಿ ನೆಲದಲ್ಲಿ ಕಟ್ಟಿದ ಮನೆಗಳನ್ನು 2012ರಲ್ಲಿ ಲಾಟರಿಯ ಮೂಲಕ ಕಾರ್ಮಿಕರಿಗೆ ಹಂಚುವ ಹೊತ್ತಿಗೆ ಮುಷ್ಕರಕ್ಕೆ ಮೂವತ್ತು ವರ್ಷ ತುಂಬಿತ್ತು. ಅಷ್ಟು ಕಾಲ ಕಾಯಲಾಗದೆ ತೀರಿಕೊಂಡವರ ಪಾಲಿಗೆ ಆ ನ್ಯಾಯ ತಡವಾಗಿಯೇ ಬಂತು.