ಗಂಟೆ ಲೆಕ್ಕದ ಆಟದ ಕೋಣೆಗಳು

ಒಂದು ಕಾಲಕ್ಕೆ ನಮ್ಮ ಊರುಗಳಲ್ಲಿ ಬಾಡಿಗೆ ಸೈಕಲ್ ಅಂಗಡಿಗಳಿದ್ದವು. ಸ್ವಂತ ಸೈಕಲ್ ಕೊಳ್ಳುವ ಶಕ್ತಿ ಇಲ್ಲದ ಮನೆಯ ಹುಡುಗರು ಚಿಲ್ಲರೆ ಕಾಸು ಕೊಟ್ಟು, ಅಂಗಡಿಯವನ ಪುಸ್ತಕದಲ್ಲಿ ಹೆಸರು, ಹೊತ್ತು ಬರೆಸಿ, ಒಳಪೆಡಲು ತುಳಿಯುತ್ತ ಊರು ಸುತ್ತಿ ಬರುತ್ತಿದ್ದರು. ಸೈಕಲ್ ಯಾರದೋ, ಸವಾರಿಯ ಸುಖ ಮಾತ್ರ ತಮ್ಮದು. ಇದೇ ವ್ಯವಸ್ಥೆಯನ್ನು ಕಂಪ್ಯೂಟರ್ ಆಟಕ್ಕೆ ಅನ್ವಯಿಸಿದರೆ ಏನಾದೀತು? ಉತ್ತರ ಬೇಕಾದವರು ದಕ್ಷಿಣ ಕೊರಿಯದತ್ತ ನೋಡಬೇಕು. ಅಲ್ಲಿ ಇಂಥ ಬಾಡಿಗೆ ಅಂಗಡಿಗಳು ಒಂದು ಪೀಳಿಗೆಯ ಹರೆಯವನ್ನೇ ರೂಪಿಸಿದವು. ಅವುಗಳ ಹೆಸರು ‘ಪಿ.ಸಿ. ಬಾಂಗ್’.

‘ಬಾಂಗ್’ ಎಂದರೆ ಕೊರಿಯನ್ ಭಾಷೆಯಲ್ಲಿ ಕೋಣೆ. ಅಲ್ಲಿನ ನಗರಗಳಲ್ಲಿ ಬಾಡಿಗೆಗೆ ಸಿಗುವ ಕೋಣೆಗಳು ಹಲವು ಬಗೆ. ಗೆಳೆಯರೊಡನೆ ಹಾಡಲು ‘ನೊರೇಬಾಂಗ್’, ಚಿತ್ರಕಥೆಯ ಪುಸ್ತಕ ಓದಲು ‘ಮನ್‌ಹ್ವಾಬಾಂಗ್’, ಬಿಸಿನೀರಿನ ಸ್ನಾನ ಮಾಡಿ ಬೆವರಿಳಿಸಿ ಮಲಗಲು ‘ಜಿಮ್‌ಜಿಲ್‌ಬಾಂಗ್’. ನಗರದ ಮನೆಗಳು ಚಿಕ್ಕವು. ಮದುವೆಯಾಗುವವರೆಗೆ ತಂದೆ ತಾಯಿಯ ಜೊತೆಗೇ ಇರುವ ಮಕ್ಕಳು ಬಹಳ. ಹೀಗಾಗಿ ಗೆಳೆಯರ ಗುಂಪು ಸೇರಲು ಮನೆಯ ಹೊರಗೆ ಒಂದು ಜಾಗ ಬೇಕೇ ಬೇಕು. ಈ ಹಳೆಯ ಕೋಣೆಗಳ ಸಾಲಿಗೆ ಕಂಪ್ಯೂಟರಿನ ಕೋಣೆಯೂ ಸೇರಿಕೊಂಡಿತು.

ಇದರ ಪೂರ್ವಜನೆಂದು ಹೇಳಬಹುದಾದ ಒಂದು ಕಾಫಿ ಅಂಗಡಿ 1988ರಲ್ಲಿ, ಅಂದರೆ ಸೋಲ್ ಒಲಿಂಪಿಕ್ಸ್ ನಡೆದ ವರ್ಷವೇ, ಆ ನಗರದ ಹೊಂಗಿಕ್ ವಿಶ್ವವಿದ್ಯಾಲಯದ ಬಳಿ ಆರಂಭವಾಗಿತ್ತು. ಅಲ್ಲಿ ಟೆಲಿಫೋನ್ ತಂತಿಗೆ ಜೋಡಿಸಿದ ಕಂಪ್ಯೂಟರುಗಳನ್ನು ಗಿರಾಕಿಗಳಿಗಾಗಿ ಇಡಲಾಗಿತ್ತು. ಆದರೆ ಅದು ಕಲಾವಿದರ, ವಿದ್ಯಾರ್ಥಿಗಳ ಕುತೂಹಲದ ತಾಣವಾಗಿತ್ತೇ ಹೊರತು ಬೀದಿಬೀದಿಯ ವ್ಯಾಪಾರವಾಗಿರಲಿಲ್ಲ. ಅದು ವ್ಯಾಪಾರವಾಗಲು ಒಂದು ರಾಷ್ಟ್ರೀಯ ವಿಪತ್ತೇ ಬರಬೇಕಾಯಿತು.

ಬಿಕ್ಕಟ್ಟಿನ ಕೂಸು

1997ರ ಕೊನೆಗೆ ಏಷ್ಯಾದ ಹಣಕಾಸು ಬಿಕ್ಕಟ್ಟು ಕೊರಿಯವನ್ನು ಅಪ್ಪಳಿಸಿತು. ಡಾಲರಿನ ಎದುರು ಅಲ್ಲಿನ ನಾಣ್ಯ ‘ವಾನ್’ ಕೆಲವೇ ತಿಂಗಳಲ್ಲಿ ಸುಮಾರು ಅರ್ಧದಷ್ಟು ಬೆಲೆ ಕಳೆದುಕೊಂಡಿತು. ನವೆಂಬರಿನಲ್ಲಿ ಸರ್ಕಾರ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಬಾಗಿಲು ತಟ್ಟಬೇಕಾಯಿತು. ದೇಶದ ಸಾಲ ತೀರಿಸಲೆಂದು ಗೃಹಿಣಿಯರು ಮದುವೆಯ ಉಂಗುರಗಳನ್ನೇ ಬಿಚ್ಚಿಕೊಟ್ಟ ದಿನಗಳವು. ಶೇ 3ಕ್ಕಿಂತ ಕಡಿಮೆ ಇದ್ದ ನಿರುದ್ಯೋಗ 1998ರಲ್ಲಿ ಶೇ 7ರ ಸುಮಾರಿಗೆ ಏರಿತು.

ಬದುಕಿಡೀ ಒಂದೇ ಕಂಪನಿಯಲ್ಲಿ ದುಡಿಯುತ್ತೇವೆಂದು ನಂಬಿದ್ದ ನಡುವಯಸ್ಸಿನ ನೌಕರರು ಬೀದಿಗೆ ಬಿದ್ದರು. ಅವರ ಕೈಯಲ್ಲಿದ್ದುದು ಕೆಲಸ ಬಿಡಿಸುವಾಗ ಕಂಪನಿ ಕೊಟ್ಟ ಇಡಿಗಂಟು ಮಾತ್ರ. ಕೆಲವರು ಅದರಿಂದ ಕೋಳಿ ಕರಿದು ಮಾರುವ ಅಂಗಡಿ ಇಟ್ಟರು. ಮತ್ತೆ ಕೆಲವರು ಮಹಡಿಯೊಂದನ್ನು ಬಾಡಿಗೆಗೆ ಹಿಡಿದು, ಹತ್ತಿಪ್ಪತ್ತು ಕಂಪ್ಯೂಟರ್ ತಂದು ಸಾಲಾಗಿ ಜೋಡಿಸಿ, ಬಾಗಿಲಿಗೆ ಬೋರ್ಡು ಹಾಕಿದರು. ಇತ್ತ ಕೆಲಸವಿಲ್ಲದ ತರುಣರಿಗೆ ಹೊತ್ತು ಹೋಗಬೇಕಿತ್ತು; ಹೊಸ ಕಂಪ್ಯೂಟರ್ ಕೊಳ್ಳುವ ಮಾತು ಹಲವರ ಮನೆಗಳಲ್ಲಿ ಎತ್ತುವಂತೆಯೇ ಇರಲಿಲ್ಲ. ಹೀಗೆ ಅಂಗಡಿಯವನ ಕಷ್ಟ, ಗಿರಾಕಿಯ ಕಷ್ಟ ಎರಡೂ ಒಂದೇ ಕೋಣೆಯಲ್ಲಿ ಸಂಧಿಸಿದವು.

ಸರಿಯಾಗಿ ಅದೇ ಹೊತ್ತಿಗೆ, 1998ರ ಮಾರ್ಚ್ 31ರಂದು, ಅಮೆರಿಕದ ಬ್ಲಿಝರ್ಡ್ ಕಂಪನಿಯ ‘ಸ್ಟಾರ್‌ಕ್ರಾಫ್ಟ್’ ಬಿಡುಗಡೆಯಾಯಿತು. ಮೂರು ಜನಾಂಗಗಳು, ಅದಿರು ಅಗೆದು, ನೆಲೆ ಕಟ್ಟಿ, ಸೈನ್ಯ ಬೆಳೆಸಿ ಎದುರಾಳಿಯನ್ನು ಸೋಲಿಸಬೇಕು. ಚದುರಂಗದಂತೆ ಯೋಚನೆ ಬೇಕು, ಆದರೆ ಸರದಿಗಾಗಿ ಕಾಯುವಂತಿಲ್ಲ. ಒಂದೇ ಕೋಣೆಯ ಕಂಪ್ಯೂಟರುಗಳನ್ನು ತಂತಿಯಿಂದ ಬೆಸೆದರೆ ಸಾಕು, ಪಕ್ಕದಲ್ಲಿ ಕುಳಿತ ಗೆಳೆಯನೊಡನೆಯೇ ಯುದ್ಧ. ಕೆಲವೇ ತಿಂಗಳಲ್ಲಿ, ಆ ವರ್ಷದ ಸೆಪ್ಟೆಂಬರಿನಲ್ಲಿ, ಕೊರಿಯದ್ದೇ ಆದ ‘ಲೀನಿಯೇಜ್’ ಬಂತು. ಸಾವಿರಾರು ಮಂದಿ ಒಟ್ಟಿಗೆ ಆಡುವ ಈ ಆಟಕ್ಕೆ ವೇಗದ ಸಂಪರ್ಕ ಬೇಕಿತ್ತು. ಅದು ಆಗ ಬಹುತೇಕ ಮನೆಗಳಲ್ಲಿ ಇರಲಿಲ್ಲ, ಅಂಗಡಿಯಲ್ಲಿತ್ತು.

ಇತರ ದೇಶಗಳ ಮಕ್ಕಳು ಟಿ.ವಿ.ಗೆ ಜೋಡಿಸುವ ಜಪಾನಿನ ಆಟದ ಯಂತ್ರಗಳಲ್ಲಿ ಮುಳುಗಿದ್ದಾಗ ಕೊರಿಯದ ಮಕ್ಕಳೇಕೆ ಕಂಪ್ಯೂಟರನ್ನೇ ಹಿಡಿದರು? ಇದಕ್ಕೂ ಚರಿತ್ರೆಯಲ್ಲಿ ಕಾರಣವಿದೆ. 1910ರಿಂದ 1945ರವರೆಗೆ ಕೊರಿಯ ಜಪಾನಿನ ವಸಾಹತಾಗಿತ್ತು. ಆ ಗಾಯದ ನೆನಪಿನಿಂದ ಜಪಾನಿನ ಸಾಂಸ್ಕೃತಿಕ ಸರಕಿನ ಮೇಲೆ ದಶಕಗಳ ಕಾಲ ನಿರ್ಬಂಧವಿತ್ತು. ಅಲ್ಲಿನ ಎಲೆಕ್ಟ್ರಾನಿಕ್ ವಸ್ತುಗಳ ಆಮದಿಗೂ ತಡೆಯಿತ್ತು. 1998ರಿಂದ ಹಂತಹಂತವಾಗಿ ಬಾಗಿಲು ತೆರೆಯಿತಾದರೂ ‘ಪ್ಲೇಸ್ಟೇಷನ್ 2’ ಅಲ್ಲಿ ಅಧಿಕೃತವಾಗಿ ಮಾರಾಟಕ್ಕೆ ಬಂದದ್ದು 2002ರಲ್ಲಿ. ಅಷ್ಟರಲ್ಲಿ ಪಿ.ಸಿ. ಬಾಂಗ್ ಬೇರು ಬಿಟ್ಟಾಗಿತ್ತು. 1998ರಲ್ಲಿ ಸುಮಾರು 3 ಸಾವಿರ ಇದ್ದ ಇವುಗಳ ಸಂಖ್ಯೆ 2001ರ ವೇಳೆಗೆ 20 ಸಾವಿರ ದಾಟಿತ್ತು.

ಮನೆಗೆ ಬಂದರೂ ಮುಚ್ಚಲಿಲ್ಲ

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. 1999ರ ನಂತರ ಕೊರಿಯದ ಮನೆಮನೆಗೂ ವೇಗದ ಇಂಟರ್‌ನೆಟ್ ಬರತೊಡಗಿತು. ಆಗ ಈ ಅಂಗಡಿಗಳು ಮುಚ್ಚಬೇಕಿತ್ತಲ್ಲವೇ?

ನಮ್ಮಲ್ಲಿ ಆದದ್ದು ಹಾಗೆಯೇ. 1995ರ ಆಗಸ್ಟ್ 15ರಂದು ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್‌ನೆಟ್ ದೊರೆಯಿತು. 1996ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಕೆಫೆ ಕಾಫಿ ಡೇಯ ಮೊದಲ ಮಳಿಗೆ ಆರಂಭವಾದದ್ದೂ ಕಾಫಿಯ ಜೊತೆ ಇಂಟರ್‌ನೆಟ್ ಒದಗಿಸುವ ತಾಣವಾಗಿಯೇ. ಮುಂದೆ ಸೈಬರ್ ಕೆಫೆಗಳು ಸಣ್ಣ ಪಟ್ಟಣಗಳಿಗೂ ಹಬ್ಬಿದವು. ಕೆಲವೆಡೆ ಹುಡುಗರು ಗುಂಪುಗೂಡಿ ‘ಕೌಂಟರ್ ಸ್ಟ್ರೈಕ್’ ಆಡಿದ್ದೂ ಉಂಟು. ಆದರೆ ಬಹುಪಾಲು ಜನ ಹೋಗುತ್ತಿದ್ದುದು ಇ-ಮೇಲ್ ನೋಡಲು, ಪರೀಕ್ಷೆಯ ಫಲಿತಾಂಶ ತಿಳಿಯಲು. ಆ ಕೆಲಸ ಮೊಬೈಲಿನಲ್ಲೇ ಆಗತೊಡಗಿದ ಮೇಲೆ ಅಂಗಡಿಯ ಅಗತ್ಯ ತಪ್ಪಿತು. ಉಳಿದ ‘ಸೈಬರ್ ಸೆಂಟರು’ಗಳು ಇಂದು ಅರ್ಜಿ ತುಂಬುವ, ಜೆರಾಕ್ಸ್ ಮಾಡಿಕೊಡುವ ಅಂಗಡಿಗಳಾಗಿವೆ.

ಕೊರಿಯದಲ್ಲಿ ಬಾಡಿಗೆಗೆ ಸಿಗುತ್ತಿದ್ದುದು ಇಂಟರ್‌ನೆಟ್ ಮಾತ್ರವಲ್ಲ. ಮೊದಲನೆಯದು, ಬಲವಾದ ಯಂತ್ರ. ಹೊಸ ಆಟಗಳು ಬಂದಂತೆ ಹೆಚ್ಚು ಶಕ್ತಿಯ ಗ್ರಾಫಿಕ್ಸ್ ಕಾರ್ಡ್, ಹೆಚ್ಚು ಸ್ಮರಣಶಕ್ತಿಯ ಕಂಪ್ಯೂಟರ್ ಬೇಕಾಗುತ್ತದೆ. ಮನೆಯ ಕಂಪ್ಯೂಟರ್ ಎರಡು ಮೂರು ವರ್ಷಕ್ಕೇ ಮುದಿಯಾಗುತ್ತದೆ. ಅಂಗಡಿಯವನಾದರೆ ಆ ವೆಚ್ಚವನ್ನು ನೂರಾರು ಗಿರಾಕಿಗಳ ಮೇಲೆ ಹಂಚಬಲ್ಲ. ಬಹುಕಾಲ ಗಂಟೆಗೆ 1,000 ವಾನ್, ಅಂದರೆ ಇಂದಿನ ಲೆಕ್ಕದಲ್ಲಿ ಸುಮಾರು 60 ರೂಪಾಯಿ ಆಸುಪಾಸಿನಲ್ಲೇ ಬಾಡಿಗೆ ನಿಂತಿತ್ತು. ಎರಡನೆಯದು, ಆಟದ ಕಂಪನಿಗಳ ಜಾಣತನ. ಗಿರಾಕಿ ಆಡಿದ ಗಂಟೆಗಳಿಗೆ ತಕ್ಕಂತೆ ಅವು ಅಂಗಡಿಯವನಿಂದ ಹಣ ಪಡೆಯುತ್ತವೆ. ಪ್ರತಿಯಾಗಿ ಅಂಗಡಿಯಲ್ಲಿ ಕುಳಿತು ಆಡುವವನಿಗೆ ಮನೆಯಲ್ಲಿ ಸಿಗದ ಕೆಲವು ಸೌಲಭ್ಯ ಕೊಡುತ್ತವೆ. ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಜೊತೆ. ಶಾಲೆ, ಅದರ ಮೇಲೆ ಟ್ಯೂಷನ್ ಎಂದು ಹೈರಾಣಾದ ಹುಡುಗನಿಗೆ ಪಕ್ಕದ ಕುರ್ಚಿಯ ಗೆಳೆಯನೇ ದೊಡ್ಡ ಆಕರ್ಷಣೆ.

ಈ ಕೋಣೆಗಳ ಪಂದ್ಯಗಳೇ ಬೆಳೆದು ಟಿ.ವಿ. ವಾಹಿನಿಗೆ ಏರಿದವು. 2000ದಲ್ಲಿ ಆಟಗಾರರನ್ನು ನೋಂದಾಯಿಸುವ ಸಂಘವೇ ಹುಟ್ಟಿತು. 2004ರಲ್ಲಿ ಬೂಸಾನ್ ನಗರದ ಕಡಲತೀರದಲ್ಲಿ ನಡೆದ ಸ್ಟಾರ್‌ಕ್ರಾಫ್ಟ್ ಅಂತಿಮ ಪಂದ್ಯ ನೋಡಲು ಒಂದು ಲಕ್ಷದಷ್ಟು ಜನ ಸೇರಿದ್ದರೆಂದು ವರದಿಯಾಯಿತು. 2023ರಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಇಂಥ ಆಟಗಳಿಗೆ ಮೊದಲ ಬಾರಿ ಪದಕವಿತ್ತಾಗ ‘ಲೀಗ್ ಆಫ್ ಲೆಜೆಂಡ್ಸ್’ ಸ್ಪರ್ಧೆಯ ಚಿನ್ನ ಕೊರಿಯದ ಪಾಲಾಯಿತು.

ಇನ್ನೊಂದು ಮುಖ

ಆದರೆ ಹಗಲು ರಾತ್ರಿ ತೆರೆದಿರುವ ಕೋಣೆಯಲ್ಲಿ ಕುಳಿತವನನ್ನು ಏಳು ಎನ್ನುವವರು ಯಾರು? 2005ರ ಆಗಸ್ಟಿನಲ್ಲಿ ತೇಗು ನಗರದಲ್ಲಿ 28 ವರ್ಷದ ಯುವಕನೊಬ್ಬ ಸುಮಾರು 50 ಗಂಟೆ, ಹೆಚ್ಚೂಕಡಿಮೆ ಬಿಡುವಿಲ್ಲದೆ, ಆಡಿ ಕುಸಿದು ಸತ್ತ. ದೇಶ ಬೆಚ್ಚಿತು. 16 ವರ್ಷದೊಳಗಿನವರು ನಡುರಾತ್ರಿಯಿಂದ ಬೆಳಿಗ್ಗೆ 6ರವರೆಗೆ ಆನ್‌ಲೈನ್ ಆಟ ಆಡದಂತೆ 2011ರಲ್ಲಿ ಕಾನೂನು ಬಂತು. ಮಕ್ಕಳು ಮೊಬೈಲಿಗೆ ಹೊರಳಿದ ಮೇಲೆ ಅದು ಅರ್ಥ ಕಳೆದುಕೊಂಡು 2022ರ ಆರಂಭದಲ್ಲಿ ರದ್ದಾಯಿತು. ರಾತ್ರಿ 10ರ ನಂತರ ಪಿ.ಸಿ. ಬಾಂಗ್‌ನಲ್ಲಿ ಹುಡುಗರು ಇರಕೂಡದೆಂಬ ನಿಯಮ ಬೇರೆಯೇ ಇದೆ. ಒಂದು ಕಾಲಕ್ಕೆ ಹೊಗೆಯಿಂದ ತುಂಬಿರುತ್ತಿದ್ದ ಈ ಕೋಣೆಗಳಲ್ಲಿ 2013ರಿಂದ ಧೂಮಪಾನಕ್ಕೂ ನಿಷೇಧ.

2020ರ ಕೋವಿಡ್ ಕಾಲದಲ್ಲಿ ಬಾಗಿಲು ಹಾಕಿಸಿಕೊಂಡ ಅಂಗಡಿಗಳಲ್ಲಿ ಹಲವು ಮತ್ತೆ ತೆರೆಯಲಿಲ್ಲ. ಇಂದು ಅವುಗಳ ಸಂಖ್ಯೆ ಉಚ್ಛ್ರಾಯ ಕಾಲದ ಅರ್ಧಕ್ಕಿಂತಲೂ ಕಡಿಮೆ. ಉಳಿದವು ಅಡುಗೆಮನೆ ಕಟ್ಟಿಕೊಂಡಿವೆ. ಆಡುತ್ತಲೇ ಪರದೆಯ ಮೇಲೆ ಒತ್ತಿದರೆ ಬಿಸಿ ಬಿಸಿ ರಾಮ್ಯನ್ ಶಾವಿಗೆ ಮೇಜಿಗೇ ಬರುತ್ತದೆ.

ಕೆಲಸ ಕಳೆದುಕೊಂಡವರು ಹೊಟ್ಟೆಪಾಡಿಗೆಂದು ತೆರೆದ ಅಂಗಡಿ ಇಷ್ಟು ದೂರ ಬರುತ್ತದೆಂದು ಅಂದು ಯಾರೂ ಎಣಿಸಿರಲಾರರು. ಸಿರಿವಂತನ ಮಗನೂ ಕೆಲಸ ಹೋದವನ ಮಗನೂ ಅಲ್ಲಿ ಒಂದೇ ಬಗೆಯ ಯಂತ್ರದ ಮುಂದೆ ಕುಳಿತರು; ಗೆಲ್ಲಲು ಬೆರಳಿನ ಚುರುಕು, ಬುದ್ಧಿಯ ಚುರುಕು ಸಾಕಿತ್ತು. ಬಾಡಿಗೆ ಸೈಕಲಿನ ಹುಡುಗನಿಗೆ ಗಂಟೆ ಮುಗಿಯುವುದರೊಳಗೆ ಮರಳಬೇಕೆಂಬ ಆತಂಕವಿತ್ತು. ಈ ಕೋಣೆಯ ಹುಡುಗನಿಗೆ ಆ ಆತಂಕ ಇರಲಿಲ್ಲ. ಅವನನ್ನು ಹೊತ್ತಿಗೆ ಸರಿಯಾಗಿ ಮನೆಗೆ ಕಳುಹಿಸುವುದು ಹೇಗೆಂಬ ಪ್ರಶ್ನೆಗೆ ಕೊರಿಯ ಇಷ್ಟೆಲ್ಲ ಕಾನೂನು ಮಾಡಿಯೂ ಪೂರ್ತಿ ಉತ್ತರ ಕಂಡುಕೊಂಡಿಲ್ಲ. ಆಟವನ್ನು ಅಂಗೈಯ ಫೋನಿನಲ್ಲೇ ಇಟ್ಟುಕೊಂಡಿರುವ ನಮ್ಮ ಮಕ್ಕಳ ವಿಷಯದಲ್ಲಿ ಆ ಪ್ರಶ್ನೆ ಈಗ ನಮ್ಮದೂ ಹೌದು.