ಉಸಿರೋ, ಹೃದಯವೋ: ಹೈದರಾಬಾದಿನ ಒಂದು ಹಳೆಯ ಜಗಳ

1889ರ ಕೊನೆಯ ತಿಂಗಳುಗಳಲ್ಲಿ ಹೈದರಾಬಾದಿನಲ್ಲಿ ನಾಯಿ, ಕೋತಿ, ಕುದುರೆ, ಮೇಕೆ, ಬೆಕ್ಕು, ಮೊಲಗಳಿಗೆ ನೂರಾರು ಸಲ ಕ್ಲೋರೋಫಾರ್ಮ್ ಕೊಡಲಾಯಿತು. ಹಣ ಆರನೆಯ ನಿಜಾಮ ಮೆಹಬೂಬ್ ಅಲಿ ಖಾನರದು. ಬೀದರ್, ಗುಲ್ಬರ್ಗ, ರಾಯಚೂರುಗಳೂ ಆಗ ಅವರ ಆಳ್ವಿಕೆಯಲ್ಲೇ ಇದ್ದವು. ಉತ್ತರ ಬೇಕಿದ್ದ ಪ್ರಶ್ನೆ ಒಂದೇ: ಕ್ಲೋರೋಫಾರ್ಮ್ ಕೊಟ್ಟಾಗ ರೋಗಿ ಇದ್ದಕ್ಕಿದ್ದಂತೆ ಸತ್ತರೆ, ಮೊದಲು ನಿಲ್ಲುವುದು ಉಸಿರೋ, ಹೃದಯವೋ?

ಪ್ರಶ್ನೆಗೆ ಆಗಲೇ ನಲವತ್ತು ವರ್ಷ ವಯಸ್ಸಾಗಿತ್ತು. 1848ರ ಜನವರಿಯಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ ಬಳಿ ಹ್ಯಾನಾ ಗ್ರೀನರ್ ಎಂಬ 15 ವರ್ಷದ ಹುಡುಗಿ ಕಾಲುಗುರು ತೆಗೆಸಿಕೊಳ್ಳಲು ಅಳುತ್ತಲೇ ಕುರ್ಚಿಯಲ್ಲಿ ಕೂತಿದ್ದಳು. ಕ್ಲೋರೋಫಾರ್ಮ್ ಮೂಸಿದ ಕೆಲವೇ ನಿಮಿಷಗಳಲ್ಲಿ ತೀರಿಕೊಂಡಳು.

ಹೈದರಾಬಾದಿನ ರೆಸಿಡೆನ್ಸಿ ಸರ್ಜನ್ ಎಡ್ವರ್ಡ್ ಲಾರಿಗೆ ಅನುಮಾನವೇ ಇರಲಿಲ್ಲ. ಉಸಿರಾಟ ನೋಡುತ್ತಿರಿ, ನಾಡಿ ಹಿಡಿಯಬೇಕಿಲ್ಲ ಎಂಬುದು ಅವರ ಪಾಠ. 1888ರಲ್ಲಿ ಅವರ ಮೊದಲ ಆಯೋಗ ನಾಯಿಗಳ ಮೇಲೆ ಪ್ರಯೋಗ ಮಾಡಿ ಇದನ್ನೇ ಹೇಳಿತು. ಲಂಡನ್ನಿನ ‘ಲ್ಯಾನ್ಸೆಟ್’ ಪತ್ರಿಕೆ ನಂಬಲಿಲ್ಲ. ನಿಜಾಮರು 1,000 ಪೌಂಡ್ ಕೊಡಲು ಮುಂದಾದರು. ಪತ್ರಿಕೆಯ ಪರವಾಗಿ ಲಾಡರ್ ಬ್ರಂಟನ್ ಬಂದರು. ಎದೆನೋವಿಗೆ ಅಮೈಲ್ ನೈಟ್ರೈಟ್ ಬಳಸಿ ಹೆಸರಾಗಿದ್ದ ಇವರು ಅಪಾಯ ಹೃದಯಕ್ಕೇ ಎಂದು ನಂಬಿ ಬಂದವರು. ಪ್ರಯೋಗಗಳನ್ನು ಕಂಡು ಮನಸ್ಸು ಬದಲಿಸಿದರು. ಎರಡನೆಯ ಆಯೋಗದ ತೀರ್ಪೂ ಅದೇ: ಹೃದಯ ನಿರಪರಾಧಿ.

ಆದರೆ ಸಾವುಗಳು ನಿಲ್ಲಲಿಲ್ಲ. ಎಷ್ಟೋ ಸಾವುಗಳು ಪೂರ್ತಿ ಪ್ರಜ್ಞೆ ತಪ್ಪುವ ಮೊದಲೇ, ಸಣ್ಣಪುಟ್ಟ ಶಸ್ತ್ರಚಿಕಿತ್ಸೆಗಳಲ್ಲಿ ಆಗುತ್ತಿದ್ದವು. ಇದನ್ನು ವಿವರಿಸಬಲ್ಲ ಕೊಂಡಿಗೆ 1889ರಲ್ಲಿ ಹೆಸರೇ ಇರಲಿಲ್ಲ. ಹೆದರಿದಾಗ ಮೈ ರಕ್ತಕ್ಕೆ ಸುರಿಯುವ ಅಡ್ರಿನಲಿನ್ ಬೇರ್ಪಡಿಸಲು ಸಾಧ್ಯವಾದದ್ದು 20ನೇ ಶತಮಾನದ ಹೊಸ್ತಿಲಲ್ಲಿ. 1911ರಲ್ಲಿ ಗುಡ್‌ಮನ್ ಲೆವಿ ಬೆಕ್ಕುಗಳಲ್ಲಿ ತೋರಿಸಿದರು: ಅರೆಬರೆ ಕ್ಲೋರೋಫಾರ್ಮಿನ ಜೊತೆ ಅಡ್ರಿನಲಿನ್ ಸೇರಿದರೆ ಹೃದಯದ ಕೆಳಕೋಣೆಗಳು ಲಯ ತಪ್ಪಿ ಬರೀ ಅದುರತೊಡಗುತ್ತವೆ, ರಕ್ತ ಮುಂದೆ ಹೋಗುವುದಿಲ್ಲ. ಕ್ಲೋರೋಫಾರ್ಮ್ ಹೆಚ್ಚಾದಾಗ ಉಸಿರು ನಿಲ್ಲುತ್ತದೆ ಎಂಬ ಲಾರಿಯ ಮಾತು ಸುಳ್ಳಲ್ಲ. ಆದರೆ ಅಷ್ಟೇ ನಿಜವೂ ಅಲ್ಲ.

ಮನಸ್ಸಿನ ಭಯ ರಕ್ತದ ಮೂಲಕ ಹೃದಯವನ್ನು ಮುಟ್ಟಬಲ್ಲದು ಎಂಬುದು ಕ್ಲೋರೋಫಾರ್ಮ್ ಮೂಲೆ ಸೇರಿದ ಮೇಲೂ ಉಳಿದ ಪಾಠ. ಭಯ ಒಮ್ಮೆಲೇ ಬರುವ ಪ್ರವಾಹವಾದರೆ, ಖಿನ್ನತೆ ಗೋಡೆಗಿಳಿಯುವ ತೇವ. 1993ರಲ್ಲಿ ಮಾಂಟ್ರಿಯಲ್‌ನ ನ್ಯಾನ್ಸಿ ಫ್ರೇಷರ್-ಸ್ಮಿತ್ ಮತ್ತು ಸಂಗಡಿಗರು ಹೃದಯಾಘಾತವಾಗಿದ್ದ 222 ಜನರನ್ನು ಆರು ತಿಂಗಳು ಗಮನಿಸಿ ಪ್ರಕಟಿಸಿದ ಅಧ್ಯಯನದಲ್ಲಿ, ಖಿನ್ನತೆಯಿದ್ದವರಲ್ಲಿ ಸಾವಿನ ಅಪಾಯ ಹಲವು ಪಟ್ಟು ಹೆಚ್ಚಿತ್ತು. ಖಿನ್ನತೆಯಲ್ಲಿ ಒತ್ತಡದ ಹಾರ್ಮೋನುಗಳ ಹತೋಟಿ ತಪ್ಪಬಹುದು, ಹೃದಯಬಡಿತದ ಸಹಜ ಏರಿಳಿತ ಕುಗ್ಗುತ್ತದೆ, ರಕ್ತದ ಪ್ಲೇಟ್‌ಲೆಟ್‌ಗಳು ಬೇಗ ಅಂಟಿಕೊಳ್ಳುತ್ತವೆ, ಉರಿಯೂತ ಹೆಚ್ಚುತ್ತದೆ. ಮಾತ್ರೆ ಮರೆಯುವುದು, ನಡಿಗೆ ನಿಲ್ಲಿಸುವುದು ಬೇರೆ.

ಹಾಗೆಂದು ಲೆಕ್ಕ ಚುಕ್ತಾ ಆಗಲಿಲ್ಲ. 2003ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಪ್ರಯೋಗವೊಂದರಲ್ಲಿ ಹೃದ್ರೋಗಿಗಳ ಖಿನ್ನತೆಗೆ ಚಿಕಿತ್ಸೆ ಕೊಟ್ಟಾಗ ಮನಸ್ಸು ಹಗುರಾಯಿತು, ಆದರೆ ಸಾವುಗಳೇನೂ ಕಡಿಮೆಯಾಗಲಿಲ್ಲ. ಮನಸ್ಸು ಹಗುರಾಗುವುದೇ ಸಣ್ಣದಲ್ಲ, ನಿಜ. ಆದರೂ ಒಂದೇ ಕಾರಣ ಹಿಡಿದು ತೀರ್ಪು ಬರೆಯುವವರಿಗೆ ಹೈದರಾಬಾದಿನ ಆ ಎರಡು ವರದಿಗಳು ಎಚ್ಚರಿಕೆ. ಉಸಿರೋ ಹೃದಯವೋ ಎಂದು ಜಗಳವಾಡಿದವರಿಗೆ ಹ್ಯಾನಾಳ ಅಳು ಪುರಾವೆಯಾಗಿ ಕಾಣಲಿಲ್ಲ. ಇಂದು ಇಸಿಜಿ ಕೈಯಲ್ಲಿ ಹಿಡಿದು ಕೂತ ರೋಗಿಗೆ “ನಿದ್ದೆ ಬರುತ್ತಾ? ಯಾವುದರಲ್ಲಾದರೂ ಮನಸ್ಸಿದೆಯಾ?” ಎಂದು ಕೇಳುವುದೂ ನಾಡಿ ನೋಡುವ ಕೆಲಸವೇ.